ಕೀಲಿ ಯಾರ ಹತ್ತಿರ ಇದೆ?

ನನ್ನ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಅಂದಾಜಿನ ಮೇಲೆ ಬರೆದುಕೊಂಡ ತಾರೀಖು ಅದು. ಮನೆಯವರ ಆಸರೆಯಿಲ್ಲದ ಮಕ್ಕಳನ್ನು 18 ತುಂಬುವವರೆಗೆ ಇಟ್ಟುಕೊಳ್ಳುವ ಸರಕಾರಿ ಬಾಲಮಂದಿರದಲ್ಲಿ ನಮ್ಮ ಕೊಠಡಿಯ ಅರ್ಧ ಹುಡುಗಿಯರಿಗೆ ಅದೇ ದಿನ ಹುಟ್ಟುಹಬ್ಬ. ಮೇ ತಿಂಗಳು ಬಂತೆಂದರೆ ಈ ಸಲ ಯಾರಿಗೆ 18 ತುಂಬುತ್ತದೆ, ಯಾರ ಟ್ರಂಕು ಖಾಲಿಯಾಗುತ್ತದೆ ಎಂಬ ಪಿಸುಮಾತು ಶುರುವಾಗುತ್ತಿತ್ತು. ನನ್ನ ಸರದಿ 2019ರಲ್ಲಿ ಬಂತು. ಒಂದು ಚೀಲ ಬಟ್ಟೆ, ಪಿಯುಸಿ ಅಂಕಪಟ್ಟಿ, ಆಧಾರ್ ಕಾರ್ಡು, ದೊಡ್ಡಮ್ಮನ ಮನೆಯ ವಿಳಾಸ ಬರೆದ ಚೀಟಿ, ಇಷ್ಟನ್ನು ಹಿಡಿದು ಹೊರಗೆ ಬಂದೆ. ಆಧಾರಿನಲ್ಲಿ ಮಾತ್ರ ನಾನು ಆಗಷ್ಟೇ ಬಿಟ್ಟುಬಂದ ಬಾಲಮಂದಿರದ ವಿಳಾಸವೇ ಇತ್ತು.

ಐದು ವರ್ಷ ಕಳೆದು, 2024ರ ಬೇಸಿಗೆಯಲ್ಲಿ, ನನಗೊಂದು ಕರೆ ಬಂತು. ಆಗ ನಾನು ಹುಬ್ಬಳ್ಳಿಯ ಒಂದು ಗೊಬ್ಬರದ ಅಂಗಡಿಯಲ್ಲಿ ಟ್ಯಾಲಿ ಲೆಕ್ಕ ಬರೆಯುತ್ತಿದ್ದೆ. ಬಾಲಮಂದಿರಗಳಿಂದ ಹೊರಬಂದವರಿಗೆ ನೆರವಾಗುವ ಒಂದು ಕಾರ್ಯಕ್ರಮವನ್ನು ಮೌಲ್ಯಮಾಪನ ಮಾಡಬೇಕಿದೆ, ಸಂದರ್ಶನ ಮಾಡಲು ಬಾಲಮಂದಿರದಲ್ಲಿ ಬೆಳೆದವರೇ ಬೇಕು, ದಿನಕ್ಕೆ 800 ರೂಪಾಯಿ ಮತ್ತು ಬಸ್ ಚಾರ್ಜು ಕೊಡುತ್ತೇವೆ ಎಂದರು. ಮೌಲ್ಯಮಾಪನ ಎಂದರೆ ನನಗೆ ಗೊತ್ತಿದ್ದದ್ದು ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಗಳದ್ದು. ಎಲ್ಲೋ ಕುಳಿತು ಕೆಂಪು ಪೆನ್ನು ಹಿಡಿದು ಅಂಕ ಹಾಕುವುದಿರಬೇಕು ಎಂದುಕೊಂಡು ಒಪ್ಪಿಕೊಂಡೆ. ಮಳೆ ಹಿಡಿಯುವವರೆಗೆ ಅಂಗಡಿಯಲ್ಲಿ ವ್ಯಾಪಾರವಿರುವುದಿಲ್ಲ, ಸಾಹುಕಾರರು ರಜೆ ಕೊಟ್ಟರು.

ಮುಂದೆ ಬರುವ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಜಿಲ್ಲೆ, ಸಂಸ್ಥೆ ಯಾವುದೆಂದು ಹೇಳುವುದಿಲ್ಲ. ನಾವು ಮಾತನಾಡಿಸಿದವರಲ್ಲಿ ಹಲವರು ತಾವು ಎಲ್ಲಿ ಬೆಳೆದೆವು ಎಂಬುದನ್ನು ಹೆಂಡತಿಗೂ ಹೇಳಿಲ್ಲ.

ಕಾರ್ಯಕ್ರಮ ಏನಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಮು, 18 ತುಂಬಿ ಸಂಸ್ಥೆಯಿಂದ ಹೊರಬೀಳುವವರಿಗೆ ಹಣದ ನೆರವು ಕೊಡಬಹುದು ಎನ್ನುತ್ತದೆ. ಇದನ್ನು ಅನುಪಾಲನೆ ಎನ್ನುತ್ತಾರೆ. 21 ವರ್ಷದವರೆಗೆ ಕೊಡಬಹುದು; ವಿಶೇಷ ಸಂದರ್ಭದಲ್ಲಿ 23ರವರೆಗೆ. 2016ರ ಮಾದರಿ ನಿಯಮಗಳಲ್ಲಿ ಇನ್ನೂ ವಿವರವಾಗಿದೆ: ಬಿಡುಗಡೆಗೆ ಎರಡು ತಿಂಗಳ ಮೊದಲೇ ಮುಂದೇನು ಎಂಬ ಯೋಜನೆ ತಯಾರಾಗಬೇಕು, ಆರರಿಂದ ಎಂಟು ಮಂದಿ ಒಟ್ಟಿಗೆ ಇರುವಂಥ ಗುಂಪು ಮನೆಗಳಿರಬೇಕು. 2022ರಿಂದ ಕೇಂದ್ರ ಸರಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ಎಂದಾಯಿತು. ಒಂದು ಸ್ವಯಂಸೇವಾ ಸಂಸ್ಥೆ ಇವನ್ನೆಲ್ಲ ಜೋಡಿಸಿ ನಮ್ಮ ಕಡೆಯ ಎರಡು ಜಿಲ್ಲೆಗಳ ಹುಡುಗ ಹುಡುಗಿಯರಿಗಾಗಿ ಹುಬ್ಬಳ್ಳಿಯಲ್ಲೂ ಬೆಂಗಳೂರಿನಲ್ಲೂ ಬಾಡಿಗೆ ಮನೆ ಹಿಡಿದಿತ್ತು. ಮಾಸಾಶನದ ಅರ್ಜಿಗಳ ಹಿಂದೆ ಓಡಾಡುವುದಕ್ಕೆ, ವಾರಕ್ಕೊಮ್ಮೆ ಮನೆಗೆ ಹೋಗಿ ಮಾತನಾಡಿಸುವುದಕ್ಕೆ ಕಾರ್ಯಕರ್ತರನ್ನು ಇಟ್ಟಿತ್ತು. ಎರಡು ವರ್ಷವಾಗಿತ್ತು. ಇದರಿಂದ ಯಾರಾದರೂ ಬೀದಿಗೆ ಬೀಳುವುದು ತಪ್ಪಿದೆಯೇ ಎಂದು ದುಡ್ಡು ಕೊಟ್ಟವರು ಕೇಳಿದ್ದರು.

ತರಬೇತಿ ಮೂರು ದಿನ. ನಾವು ನಾಲ್ವರಿದ್ದೆವು, ಇಬ್ಬರು ಹುಡುಗಿಯರು, ಇಬ್ಬರು ಹುಡುಗರು. ಕಲಿಸಿದ ಮೇಡಂ ಬೆಂಗಳೂರಿನವರು, ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡಿದವರು. ಮೊದಲ ದಿನವೇ ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದರು: ಗುಂಪು ಮನೆಯಲ್ಲಿರುವ ಹುಡುಗ ಈಗ ಚೆನ್ನಾಗಿದ್ದಾನೆ ಎಂದುಕೊಳ್ಳಿ; ಅದು ಮನೆಯಿಂದಾಗಿಯೋ, ಅಥವಾ ಅವನು ಎಲ್ಲಿದ್ದರೂ ಚೆನ್ನಾಗಿಯೇ ಇರುತ್ತಿದ್ದನೋ? ಗೊತ್ತಾಗುವುದು ಹೇಗೆ? ನಮ್ಮೊಳಗಿನ ಬಸು ಥಟ್ಟನೆ, "ಅವನನ್ನೇ ಕೇಳಿದರಾಯಿತು" ಎಂದ. ಮೇಡಂ ನಕ್ಕರು. ಅವನಿಗೂ ಗೊತ್ತಿರುವುದಿಲ್ಲ ಎಂದರು.

ಯಾರಿಗೆ ನೆರವು, ಯಾರಿಗೆ ಇಲ್ಲ ಎಂದು ಮೊದಲೇ ಚೀಟಿ ಎತ್ತಿದ್ದರೆ ಗೊತ್ತಾಗುತ್ತಿತ್ತಂತೆ. ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ ಹಾಗೆಯೇ ಮಾಡಿದರು ಎಂದು ವಿವರಿಸಿದರು. ಅಲ್ಲಿ ನಮ್ಮಂಥ ಮಕ್ಕಳಲ್ಲಿ ಹೆಚ್ಚಿನವರು ದೊಡ್ಡ ಕಟ್ಟಡಗಳಲ್ಲಿ ಬೆಳೆಯುವುದಿಲ್ಲ, ಸಾಕು ಕುಟುಂಬಗಳಲ್ಲಿ ಬೆಳೆಯುತ್ತಾರೆ; ಆದರೆ 18ರ ಗಡಿಯ ಕಥೆ ಆ ಹೊತ್ತಿಗೆ ಅಲ್ಲಿಯೂ ಬಹುಮಟ್ಟಿಗೆ ಹೀಗೆಯೇ ಇತ್ತು. 2010ರಿಂದ 2012ರವರೆಗೆ 1,300ಕ್ಕೂ ಹೆಚ್ಚು ಯುವಕ ಯುವತಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸುಮಾರು ಒಂಬತ್ತು ತಿಂಗಳು, ವಾರಕ್ಕೊಮ್ಮೆ ಬಂದು ಜತೆಗೆ ನಿಲ್ಲುವ ಕಾರ್ಯಕರ್ತರು ಸಿಕ್ಕರು. ಇನ್ನೊಂದು ಗುಂಪಿಗೆ ಊರಿನಲ್ಲಿ ಎಲ್ಲರಿಗೂ ಸಿಗುವ ಸೌಲಭ್ಯ ಮಾತ್ರ. ಒಂದು ವರ್ಷವಾದ ಮೇಲೆ ನೋಡಿದರೆ ಮೊದಲ ಗುಂಪಿನವರ ಗಳಿಕೆ ಸ್ವಲ್ಪ ಮೇಲಿತ್ತು, ಇರುವ ಜಾಗ ಹೆಚ್ಚು ಗಟ್ಟಿಯಾಗಿತ್ತು, ಮನಸ್ಸೂ ತುಸು ನೆಮ್ಮದಿಯಾಗಿತ್ತು. ಓದಿನಲ್ಲಿ ವ್ಯತ್ಯಾಸವಿರಲಿಲ್ಲ. ಎರಡನೆಯ ವರ್ಷಕ್ಕೆ ಗಳಿಕೆಯ ವ್ಯತ್ಯಾಸವೂ ಉಳಿಯಲಿಲ್ಲ. ಇಷ್ಟು ದೊಡ್ಡ ಪರೀಕ್ಷೆ ಮಾಡಿ ಇಷ್ಟೇ ಸಿಕ್ಕಿತೇ ಎಂದು ನನಗೆ ಬೇಸರವಾಯಿತು. ಮೇಡಂ ಅವರಿಗೆ ಮಾತ್ರ, ಆ ಇಷ್ಟೇ ಇಷ್ಟು ನಿಜ ಎಂದು ಖಾತ್ರಿಯಾಗಿ ಹೇಳಬಹುದಲ್ಲ ಎಂಬ ಸಂತೋಷ.

ಚೀಟಿ ಎತ್ತುವುದು ಅನ್ಯಾಯವಲ್ಲವೇ ಎಂದು ನಾನು ಕೇಳಿದೆ. ಎಲ್ಲರಿಗೂ ಕೊಡುವಷ್ಟು ಹಾಸಿಗೆ ಇಲ್ಲದಿರುವಾಗ ಅಧಿಕಾರಿಗೆ ಪರಿಚಯವಿದ್ದವನಿಗೆ ಕೊಡುವುದು ನ್ಯಾಯವೋ, ಚೀಟಿ ನ್ಯಾಯವೋ ಎಂದು ಅವರು ತಿರುಗಿ ಕೇಳಿದರು. ಆ ಮಾತಿನ ಮೇಲೆ ಊಟದ ಹೊತ್ತೆಲ್ಲ ಜಗಳವಾಡಿದೆವು. ಹೇಗೂ ನಮ್ಮ ಕಾರ್ಯಕ್ರಮದಲ್ಲಿ ಯಾರೂ ಚೀಟಿ ಎತ್ತಿರಲಿಲ್ಲ, ಎರಡು ವರ್ಷ ಹಿಂದಕ್ಕೆ ಹೋಗಿ ಎತ್ತಲೂ ಆಗುವುದಿಲ್ಲ. ಆದ್ದರಿಂದ ಹೋಲಿಕೆಗೆಂದು ಕಾರ್ಯಕ್ರಮ ಶುರುವಾಗುವ ಮೊದಲು, 2019ರಿಂದ 2021ರವರೆಗೆ, ಅವೇ ಬಾಲಮಂದಿರಗಳಿಂದ ಹೊರಬಂದವರನ್ನು ಹುಡುಕಿ ಮಾತನಾಡಿಸುವುದು ಎಂದಾಯಿತು. ಇದರ ಹುಳುಕು ನನಗೂ ಕಾಣುತ್ತಿತ್ತು: ಅವರು ಹೊರಬಂದದ್ದು ಲಾಕ್‌ಡೌನಿನ ಆಸುಪಾಸಿನ ಕಾಲಕ್ಕೆ. ಅವರು ಬೀದಿಗೆ ಬಿದ್ದಿದ್ದರೆ ಅದಕ್ಕೆ ಕಾರ್ಯಕ್ರಮ ಇಲ್ಲದ್ದು ಕಾರಣವೋ, ಕೊರೊನಾ ಕಾರಣವೋ? ಮೇಡಂ ಇದನ್ನು ವರದಿಯ ಮೊದಲ ಪುಟದಲ್ಲೇ ಬರೆಯುತ್ತೇನೆ ಎಂದರು. ಬರೆದರು ಕೂಡ. ಯಾರೂ ಓದಿದಂತೆ ಕಾಣಲಿಲ್ಲ.

ಹಳಬರ ಪಟ್ಟಿ ಕೈಗೆ ಬಂದಾಗ ಅದರಲ್ಲಿ ನನ್ನದೇ ಹೆಸರಿತ್ತು. ಸಾಲು 17. ಸಂಪರ್ಕ ಸಂಖ್ಯೆ ಎಂಬಲ್ಲಿ ದೊಡ್ಡಮ್ಮನ ಊರಿನ ಕಿರಾಣಿ ಅಂಗಡಿಯ ನಂಬರು. ಷರಾ ಎಂಬಲ್ಲಿ "ಸಂಬಂಧಿಕರ ವಶಕ್ಕೆ". ನನ್ನ ಮಟ್ಟಿಗೆ ಸರಕಾರಿ ದಾಖಲೆ ಅಲ್ಲಿಗೆ ಮುಗಿದಿತ್ತು.

ಪಟ್ಟಿಯಲ್ಲಿ ಕಾರ್ಯಕ್ರಮದವರು 31, ಹಳಬರು 43. ಹೊಸಬರನ್ನು ಹುಡುಕುವುದು ಕಷ್ಟವಿರಲಿಲ್ಲ; ಕಾರ್ಯಕರ್ತರ ಮೊಬೈಲಿನಲ್ಲಿ ಎಲ್ಲರ ನಂಬರೂ ಇದ್ದವು. ಹಳಬರದ್ದೇ ಪಡಿಪಾಟಲು. ಮೊದಲ ದಿನ 43 ನಂಬರುಗಳಿಗೂ ಕರೆ ಮಾಡಿದೆ. ಅರ್ಧಕ್ಕಿಂತ ಹೆಚ್ಚು ಚಾಲ್ತಿಯಲ್ಲಿರಲಿಲ್ಲ. ಒಂದು ನಂಬರು ಬೇರೆಯವರಿಗೆ ಹೋಗಿ, ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರು ಎತ್ತಿಕೊಂಡು ನನ್ನನ್ನೇ ವಿಚಾರಿಸಿದರು. ಒಬ್ಬ ಸೋದರಮಾವ, "ಅವಳು ನಮಗೆ ಸತ್ತಂತೆ" ಎಂದು ಇಟ್ಟರು. ಬಾಲಮಂದಿರದ ಕಚೇರಿಯಲ್ಲಿ ಕಡತ ಕೇಳಿದರೆ, 18ರ ನಂತರದ್ದು ನಮ್ಮಲ್ಲಿ ಇರುವುದಿಲ್ಲ ಎಂದರು. ಹೇಳಿದ ರೀತಿಯಲ್ಲಿ ಬೇಸರವೇನೂ ಇರಲಿಲ್ಲ, ಹೀಗೇ ಇರಬೇಕಾದದ್ದು ಎಂಬಂತಿತ್ತು.

ಕಡೆಗೆ ಹಾದಿ ತೋರಿಸಿದವರು ಅಡುಗೆಯ ಆಯಿ. ನಿವೃತ್ತರಾಗಿ ಮಗಳ ಮನೆಯಲ್ಲಿದ್ದರು. ನಾನು ಹೆಸರು ಓದುತ್ತ ಹೋದೆ, ಅವರು ಅವಲಕ್ಕಿ ಹಸನು ಮಾಡುತ್ತ ಒಂದೊಂದಾಗಿ ಹೇಳುತ್ತ ಹೋದರು. ಇವನು ಯಶವಂತಪುರದ ಕಡೆ ಹೋಟೆಲಿನಲ್ಲಿದ್ದಾನೆ, ದೀಪಾವಳಿಗೆ ಫೋನು ಮಾಡಿದ್ದ. ಇವಳು ಗೋಕಾಕದ ಕಡೆ ಮದುವೆಯಾಗಿ ಹೋದಳು, ಕೂಸು ಹುಟ್ಟಿದೆ. ಇವನು ಬೇಡ, ಇವನನ್ನು ಕೇಳಬೇಡ. ಹಾಗೆಂದು ಬಾಯಿ ಮುಚ್ಚಿಕೊಂಡರು. ಆ ಸಾಲಿನ ಮುಂದೆ ನಾನು ಏನೂ ಬರೆಯಲಿಲ್ಲ. ಯಾವ ಕಚೇರಿಯ ಕಪಾಟಿನಲ್ಲೂ ಇಲ್ಲದ ಕಡತ ಒಬ್ಬ ಮುದುಕಿಯ ತಲೆಯಲ್ಲಿ ಭದ್ರವಾಗಿತ್ತು. ಉಳಿದದ್ದನ್ನು ಬಸು ಇನ್‌ಸ್ಟಾಗ್ರಾಂನಲ್ಲಿ ಹುಡುಕಿದ. ಅಲ್ಲಿ ನಮ್ಮವರು ಯಾರೂ ಸ್ವಂತ ಹೆಸರಿನಲ್ಲಿರುವುದಿಲ್ಲ. ಹುಲಿ, ಸಿಂಹ, ರಾಜ ಎಂದೇ ಹುಡುಕಬೇಕು.

ಎರಡು ತಿಂಗಳು ಅಲೆದ ಮೇಲೆ ಹಳಬರಲ್ಲಿ 22 ಮಂದಿ ಸಿಕ್ಕರು. ಹೊಸಬರಲ್ಲಿ 27. ಸಿಗದವರೆಲ್ಲ ಬೀದಿಯಲ್ಲೇ ಇದ್ದಾರೆ, ಕಾರ್ಯಕ್ರಮ ಇಲ್ಲದ್ದರಿಂದಲೇ ಹೀಗಾಯಿತು ಎಂದು ಹಿಗ್ಗಿಸಿ ಬರೆಯಲು ಸಂಸ್ಥೆಯವರಿಗೆ ಮನಸ್ಸಿತ್ತು. ಆದರೆ ನಾನೇ ಕರೆ ಮಾಡಿದ ಒಬ್ಬ, ಸ್ವಂತ ಕಾರು ಓಡಿಸಿಕೊಂಡು ಚೆನ್ನಾಗಿರುವವನು, ನನ್ನ ದನಿ ಗುರುತಿಸಿ, "ಅಕ್ಕ, ನಮ್ಮ ಮಾವನವರ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ದಯವಿಟ್ಟು ಮತ್ತೆ ಕರೆ ಮಾಡಬೇಡ" ಎಂದು ಬೇಡಿಕೊಂಡಿದ್ದ. ಅವನೂ ಪಟ್ಟಿಯಲ್ಲಿ ಸಿಗದವನೇ. ಕೆಟ್ಟುಹೋದವರು ಕಾಣೆಯಾಗುತ್ತಾರೆ, ಉದ್ಧಾರವಾದವರೂ ಕಾಣೆಯಾಗುತ್ತಾರೆ. ನಮಗೆ ಸಿಗುವವರು ನಡುವಿನವರು.

ಈಗ ಪ್ರಶ್ನಾವಳಿಯ ವಿಷಯ. ಒಂಬತ್ತನೆಯ ಪ್ರಶ್ನೆ ಹೀಗಿತ್ತು: "ಕಳೆದ 12 ತಿಂಗಳಲ್ಲಿ ವಾಸಿಸಲು ಮನೆಯಿಲ್ಲದ ಸ್ಥಿತಿ ನಿಮಗೆ ಬಂದಿತ್ತೇ?" ಮೊದಲ ವಾರದಲ್ಲಿ ಮಾತನಾಡಿಸಿದ ಎಲ್ಲರೂ ಇಲ್ಲ ಎಂದರು. ಹೊಸಬರೂ ಇಲ್ಲ, ಹಳಬರೂ ಇಲ್ಲ. ಈ ಲೆಕ್ಕದಲ್ಲಿ ಕಾರ್ಯಕ್ರಮವೇ ಬೇಕಿಲ್ಲ, ತಡೆಯಲು ಸಮಸ್ಯೆಯೇ ಇಲ್ಲ.

ರವಿಯನ್ನು ಮಾತನಾಡಿಸಿದ್ದು ಆಗಲೇ. ಯಶವಂತಪುರದ ಬಳಿಯ ಒಂದು ದರ್ಶಿನಿಯಲ್ಲಿ ದೋಸೆ ಹಂಚಿನ ಮುಂದೆ ನಿಲ್ಲುತ್ತಿದ್ದ. 22 ವರ್ಷ, 2020ರಲ್ಲಿ ಹೊರಬಂದವನು, ಹಳಬರ ಪಟ್ಟಿ. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಅವನಿಗೆ ಬಿಡುವು. ಫುಟ್‌ಪಾತಿನ ಕಟ್ಟೆಯ ಮೇಲೆ ಕುಳಿತು ಒಪ್ಪಿಗೆ ಪತ್ರ ಓದಿ ಹೇಳಿದೆ, ಸಹಿ ಹಾಕಿದ. ಒಂಬತ್ತನೆಯ ಪ್ರಶ್ನೆಗೆ ಅವನೂ ಇಲ್ಲ ಎಂದ. ರಾತ್ರಿ ಎಲ್ಲಿ ಮಲಗುತ್ತೀಯ ಎಂದು ಸುಮ್ಮನೆ ಕೇಳಿದೆ. "ಬಾ ಅಕ್ಕ, ತೋರಿಸುತ್ತೇನೆ" ಎಂದು ಅಡುಗೆಮನೆಯ ಹಿಂದಕ್ಕೆ ಕರೆದುಕೊಂಡು ಹೋದ.

ದಿನಸಿ ಇಡುವ ಕೋಣೆಯ ಮೇಲೆ ಒಂದು ಅಟ್ಟ. ಕಬ್ಬಿಣದ ಏಣಿ. ನಿಂತರೆ ತಲೆ ತಾಗುತ್ತದೆ, ಕುಳಿತೇ ಬಟ್ಟೆ ಬದಲಿಸಬೇಕು. ಮೈದಾ ಚೀಲಗಳನ್ನು ಬಿಡಿಸಿ ಹೊಲಿದ ಹಾಸು, ಅದರ ಮೇಲೆ ಮೂವರು ಮಲಗುತ್ತಾರೆ. ಗೋಡೆಗೆ ಹೊಡೆದ ಮೊಳೆಗೆ ಅವನ ಚೀಲ. ಚೀಲದ ಜಿಪ್ಪಿಗೆ ಸೂಟ್‌ಕೇಸಿನ ಪುಟ್ಟ ಬೀಗ. ರಾತ್ರಿ ಹನ್ನೊಂದಕ್ಕೆ ಮಾಲೀಕರು ಹೊರಗಿನಿಂದ ಶಟರ್ ಎಳೆದು ಬೀಗ ಹಾಕಿಕೊಂಡು ಹೋಗುತ್ತಾರೆ, ಬೆಳಗಿನ ನಾಲ್ಕೂವರೆಗೆ ಬಂದು ತೆಗೆಯುತ್ತಾರೆ. ರವಿಗೆ ಅದರ ಬಗ್ಗೆ ದೂರಿರಲಿಲ್ಲ. ಇಡ್ಲಿ ಹಬೆಯಿಂದ ಚಳಿಗಾಲದಲ್ಲಿ ಬೆಚ್ಚಗಿರುತ್ತದೆ ಎಂದ.

2011ರ ಜನಗಣತಿಯಲ್ಲಿ ಮನೆಯಿಲ್ಲದವರು ಯಾರು ಎಂಬುದಕ್ಕೆ ಒಂದು ವ್ಯಾಖ್ಯೆಯಿದೆ. ರಸ್ತೆ ಬದಿ, ಫುಟ್‌ಪಾತು, ದೊಡ್ಡ ಸಿಮೆಂಟು ಕೊಳವೆ, ಮೇಲ್ಸೇತುವೆಯ ಕೆಳಗು, ದೇವಸ್ಥಾನದ ಮಂಟಪ, ರೈಲ್ವೆ ಪ್ಲಾಟ್‌ಫಾರಂ, ಇಂಥ ಬಯಲು ಜಾಗಗಳಲ್ಲಿ ಇರುವವರು. ರವಿಗೆ ಸೂರಿದೆ, ನಾಲ್ಕು ಗೋಡೆಯಿದೆ, ಆ ವ್ಯಾಖ್ಯೆಯ ಪ್ರಕಾರ ಅವನು ಮನೆಯುಳ್ಳವನು. ಆದರೆ ನಾಳೆ ಮಾಲೀಕರಿಗೆ ಸಿಟ್ಟು ಬಂದರೆ ಕೆಲಸ, ಊಟ, ಹಾಸಿಗೆ ಮೂರೂ ಒಂದೇ ಗಳಿಗೆಯಲ್ಲಿ ಹೋಗುತ್ತವೆ. ಟೆನೆಸ್ಸಿಯವರ ಲೆಕ್ಕದಲ್ಲಿ ಬಾಡಿಗೆ ಕಟ್ಟಲಾಗದ್ದು, ಅವರಿವರ ಮನೆಯಲ್ಲಿ ನಾಲ್ಕು ದಿನ ಹಾಸಿಗೆ ಹಾಸಿಕೊಂಡದ್ದು, ಎಲ್ಲವೂ ಬರುತ್ತದಂತೆ. ಅದರಲ್ಲೂ ಈ ಅಟ್ಟಕ್ಕೆ ಜಾಗವಿರಲಿಲ್ಲ.

ಆ ರಾತ್ರಿ ನಾವು ನಾಲ್ವರೂ ಮೇಡಂ ಜತೆ ಕುಳಿತು ಒಂಬತ್ತನೆಯ ಪ್ರಶ್ನೆಯನ್ನು ಒಡೆದು ಮೂರು ಮಾಡಿದೆವು. ನೆನ್ನೆ ರಾತ್ರಿ ಎಲ್ಲಿ ಮಲಗಿದ್ದಿರಿ? ಆ ಜಾಗದ ಕೀಲಿ ನಿಮ್ಮ ಹತ್ತಿರ ಇದೆಯೇ? ಈಗಿನ ಕೆಲಸ ಅಥವಾ ಈಗಿನ ಸಂಬಂಧ ಬಿಟ್ಟರೂ ಅಲ್ಲಿ ಇರಬಹುದೇ? ಕೊನೆಯಲ್ಲಿ ಇನ್ನೊಂದನ್ನು ನಾನು ಸೇರಿಸಿದೆ: ಈ ರಾತ್ರಿ ಹತ್ತು ಗಂಟೆಗೆ ಅಲ್ಲಿಂದ ಹೊರಗೆ ಹಾಕಿದರೆ ಯಾರಿಗೆ ಕರೆ ಮಾಡುತ್ತೀರಿ?

ಎರಡನೆಯ ಪ್ರಶ್ನೆಯಲ್ಲಿ ಮೇಡಂ "ಬೀಗದ ಕೈ" ಎಂದು ಬರೆದಿದ್ದರು. ನಮ್ಮ ಕಡೆ ಹಾಗೆ ಯಾರೂ ಹೇಳುವುದಿಲ್ಲ ಎಂದು ನಾನು ಕೀಲಿ ಎಂದು ತಿದ್ದಿದ್ದೆ. ನಮ್ಮ ಕಡೆ ಕೀಲಿ ಎಂದರೆ ಮೊದಲು ಬೀಗ. ಕೀಲಿಕೈ ಎಂದು ಬಿಡಿಸಿ ಹೇಳಬೇಕಿತ್ತು. ನನ್ನ ಆ ತಪ್ಪಿನಿಂದ ಒಂದು ಉತ್ತರ ಸಿಕ್ಕಿತು. ಗಾರ್ಮೆಂಟ್ಸ್ ಕೆಲಸಕ್ಕೆ ಹೋದ ಒಬ್ಬಳು, ಹಾಸ್ಟೆಲಿನಲ್ಲಿರುವವಳು, "ಕೀಲಿ ಇದೆಯಲ್ಲ ಅಕ್ಕ, ಒಂಬತ್ತಕ್ಕೆ ವಾರ್ಡನ್ ಹೊರಗಿನಿಂದ ಹಾಕುತ್ತಾರೆ" ಎಂದಳು. ಹೌದು ಎಂಬ ಚೌಕಕ್ಕೆ ಗುರುತು ಹಾಕಲು ಹೋದ ಕೈ ಅಲ್ಲಿಯೇ ನಿಂತಿತು. ಮರುದಿನ ಪ್ರಶ್ನೆಯಲ್ಲಿ ಕೀಲಿಕೈ ಎಂದು ತಿದ್ದಿದೆವು. ಮೊದಲು ಮಾತನಾಡಿಸಿದವರಿಗೆ ಮತ್ತೆ ಕರೆ ಮಾಡಿ ಕೇಳಿದೆವು, ರವಿಗೂ ಮಾಡಿದೆ.

ಅವನ ಉತ್ತರಗಳು ನೆನಪಿವೆ. ಕೀಲಿಕೈ ಇಲ್ಲ. ಕೆಲಸ ಬಿಟ್ಟರೆ ಅಲ್ಲಿ ಇರುವಂತಿಲ್ಲ. ಹೊರಗೆ ಹಾಕಿದರೆ ಯಾರಿಗೆ ಕರೆ ಮಾಡುತ್ತೀಯ ಎಂದಾಗ ಬಹಳ ಹೊತ್ತು ಸುಮ್ಮನಿದ್ದ. ಹಂಚಿನ ಮೇಲೆ ನೀರು ಚಿಮುಕಿಸಿದ ಸದ್ದು ಕೇಳಿಸಿತು. ಆಮೇಲೆ, "ಯಾರೂ ಇಲ್ಲ ಎಂದು ಬರೆದುಕೋ ಅಕ್ಕ" ಎಂದ.

ಗುಂಪು ಮನೆಗಳಿಗೆ ಹೋದಾಗ ವ್ಯತ್ಯಾಸ ಕಣ್ಣಿಗೆ ಬೀಳುತ್ತಿತ್ತು. ಪೀಣ್ಯದ ಮನೆಯಲ್ಲಿ ಆರು ಹುಡುಗರು, ಎರಡು ಕೋಣೆ, ಒಂದು ಬಚ್ಚಲು. ಬಾಗಿಲ ಪಕ್ಕದ ಮೊಳೆಗಳಲ್ಲಿ ಆರು ಕೀಲಿಕೈಗಳು, ಪ್ರತಿಯೊಂದಕ್ಕೂ ಬೇರೆ ಬಣ್ಣದ ದಾರ. ಯಾರು ಅನ್ನ ಮಾಡಬೇಕು, ಯಾರು ಪಾತ್ರೆ ತೊಳೆಯಬೇಕು ಎಂಬ ಪಟ್ಟಿ. ಅದನ್ನು ಯಾರೂ ಪಾಲಿಸುತ್ತಿರಲಿಲ್ಲ ಎಂಬುದಕ್ಕೆ ಸಿಂಕಿನ ತುಂಬ ಸಾಕ್ಷಿ. ಮನೆ ಸಿಕ್ಕ ಕಥೆಯನ್ನು ಅಲ್ಲಿನ ಕಾರ್ಯಕರ್ತ ಶಿವಪ್ಪ ಸರ್ ಹೇಳಿದರು. ಹುಡುಗರ ಆಧಾರ್ ನೋಡಿದ ಮನೆಮಾಲೀಕರೆಲ್ಲ ಯಾವ ಊರು, ಯಾವ ಜನ, ತಂದೆ ಏನು ಮಾಡುತ್ತಾರೆ ಎಂದೇ ಶುರು ಮಾಡುತ್ತಿದ್ದರಂತೆ. ಹನ್ನೊಂದನೆಯ ಮನೆಯವರು, ಬಾಡಿಗೆ ಸಂಸ್ಥೆಯ ಹೆಸರಿನಲ್ಲಿ ಬರುತ್ತದೆ ಎಂದ ಮೇಲೆ ಒಪ್ಪಿದರು. ನನ್ನ ಅನುಭವವೂ ಅದೇ. ಬಾಡಿಗೆಗಿಂತ ಮುಂಗಡ ಕಷ್ಟ, ಮುಂಗಡಕ್ಕಿಂತ ತಂದೆಯ ಹೆಸರು ಕಷ್ಟ.

ಸರಕಾರದ 4,000 ರೂಪಾಯಿಯ ಬಗ್ಗೆ ಹುಡುಗರ ಮಾತು ಒಂದೇ: ಬಂದಾಗ ಬರುತ್ತದೆ. ಕೆಲವರಿಗೆ ಹಲವು ತಿಂಗಳದ್ದು ಒಟ್ಟಿಗೆ ಬಂದು, ಒಬ್ಬ ಅದರಲ್ಲಿ ಹಳೇ ಬೈಕು ಕೊಂಡಿದ್ದ. ದುಂದು ಮಾಡಿದ ಎಂದು ಶಿವಪ್ಪ ಸರ್ ಬೈದರಂತೆ. ಆ ಬೈಕಿನಿಂದಲೇ ಅವನಿಗೆ ಡೆಲಿವರಿ ಕೆಲಸ ಸಿಕ್ಕಿತ್ತು. ಬೈಕು ಕೊಂಡವನ ಹೆಸರು ಮಂಜು ಎಂದಿಟ್ಟುಕೊಳ್ಳಿ, ಮುಂದೆ ಬರುತ್ತಾನೆ.

ನನ್ನ ಸಂದರ್ಶನ ಮಾಡಬೇಕಾದವಳು ನನ್ನ ಜತೆಯ ಸುಮ. ಸಾಲು 17 ಆಗಿ ನಾನು ಕುಳಿತೆ, ಅವಳು ಟ್ಯಾಬ್ ಹಿಡಿದಳು. ಇಬ್ಬರಿಗೂ ಮೊದಲು ನಗು ತಡೆಯಲಾಗಲಿಲ್ಲ. ಹೊರಬಂದ ಮೇಲೆ ಎಂದಾದರೂ ಮನೆಯಿಲ್ಲದೆ ರಾತ್ರಿ ಕಳೆದದ್ದುಂಟೇ ಎಂಬ ಇನ್ನೊಂದು ಹಳೆಯ ಪ್ರಶ್ನೆಯೂ ಒಂದು ಕಡೆ ಉಳಿದಿತ್ತು. ಇಲ್ಲ ಎಂದೆ. ಸುಮ ಗುರುತು ಹಾಕಿ ಮುಂದೆ ಹೋದಳು. ದೊಡ್ಡಮ್ಮನ ಮನೆ ಎಷ್ಟು ದಿನ? ಏಳು ತಿಂಗಳು. ಆಮೇಲೆ? ಹುಬ್ಬಳ್ಳಿ, ಪಿ.ಜಿ. ಎರಡರ ನಡುವೆ? ಆಗ ನೆನಪಾಯಿತು ಎಂದರೆ ಸುಳ್ಳು. ಮರೆತಿರಲಿಲ್ಲ; ಅದಕ್ಕೆ ಆ ಹೆಸರು ಇಟ್ಟಿರಲಿಲ್ಲ ಅಷ್ಟೇ.

2020ರ ಜನವರಿ. ಹನ್ನೊಂದು ರಾತ್ರಿ. ಹುಬ್ಬಳ್ಳಿ ರೈಲು ನಿಲ್ದಾಣ. ಸಂಜೆ ಹತ್ತು ರೂಪಾಯಿ ಕೊಟ್ಟು ಧಾರವಾಡಕ್ಕೆ ಟಿಕೆಟ್ ತೆಗೆಯುತ್ತಿದ್ದೆ. ಯಾರಾದರೂ ಕೇಳಿದರೆ ತೋರಿಸಲು ಕೈಯಲ್ಲಿ ಒಂದು ಟಿಕೆಟ್ ಇರಬೇಕು, ಅಷ್ಟಕ್ಕೆ. ಮಕ್ಕಳಿರುವ ಕುಟುಂಬವೊಂದನ್ನು ನೋಡಿ ಅವರ ಪಕ್ಕದಲ್ಲಿ, ಅವರವಳೇ ಎಂಬಂತೆ ಕೂರುತ್ತಿದ್ದೆ. ಅವರ ರೈಲು ಬಂದರೆ ಇನ್ನೊಂದು ಕುಟುಂಬ. ಮಧ್ಯಾಹ್ನ ಸಿದ್ಧಾರೂಢ ಮಠದಲ್ಲಿ ಊಟ. ಅದೇ ನಿಲ್ದಾಣದ ಪ್ಲಾಟ್‌ಫಾರಂ 2023ರಲ್ಲಿ 1,507 ಮೀಟರಿಗೆ ಬೆಳೆದು ಜಗತ್ತಿನಲ್ಲೇ ಅತಿ ಉದ್ದದ್ದು ಎಂದು ಹೆಸರಾದಾಗ ನನಗೆ ನಗು ಬಂತು; ನನಗೆ ಆಗ ಬೇಕಾಗಿದ್ದದ್ದು ಐದಡಿ. ಇದನ್ನೆಲ್ಲ ನಾನು ಕೆಲಸ ಹುಡುಕುತ್ತಿದ್ದ ದಿನಗಳು ಎಂದೇ ಕರೆದುಕೊಂಡು ಬಂದಿದ್ದೆ. ಜನಗಣತಿಯ ವ್ಯಾಖ್ಯೆಗೂ ನಾನು ಸರಿಯಾಗಿ ಹೊಂದುತ್ತಿದ್ದೆ. ಸುಮ ಹಿಂದೆ ಹೋಗಿ ಗುರುತು ಬದಲಿಸಿದಳು. ಆಮೇಲೆ ಇಬ್ಬರೂ ಚಹಾ ಕುಡಿದೆವು. ಅವಳೂ ತನ್ನದನ್ನು ಹೇಳಿದಳು. ಅದನ್ನು ನಾನು ಬರೆಯುವುದಿಲ್ಲ.

ಉತ್ತರಗಳನ್ನು ಗುಂಪು ಮಾಡುವಾಗ ದೊಡ್ಡ ತಕರಾರು ಎದ್ದದ್ದು ಮದುವೆಯಾದವರ ಬಗ್ಗೆ. ಹಳಬರಲ್ಲಿ ಹಲವು ಹುಡುಗಿಯರಿಗೆ 18 ತುಂಬಿ ಕೆಲವೇ ತಿಂಗಳಲ್ಲಿ ಮದುವೆಯಾಗಿತ್ತು. ಸಂಸ್ಥೆಯಿಂದ ಬಂದಿದ್ದ ಒಬ್ಬರು ಅವರೆಲ್ಲರನ್ನೂ ವಸತಿ ಭದ್ರ ಎಂಬ ಖಾನೆಗೆ ಹಾಕಿದರು; ಗಂಡನ ಮನೆ ಇದೆಯಲ್ಲ ಎಂದರು. ಸುಮ ಎದ್ದು ನಿಂತಳು. ಗೋಕಾಕದ ಕಡೆಯವಳನ್ನು ಮಾತನಾಡಿಸಿದ್ದು ಅವಳೇ. ಬೇರೆಲ್ಲೂ ಹೋಗಲಾರಳು ಎಂದು ಗೊತ್ತಿರುವುದರಿಂದಲೇ ಅತ್ತೆ ಅಲ್ಲಿ ಮಾತು ಮಾತಿಗೆ, "ಹೋಗು, ನಿನ್ನ ಸರಕಾರಿ ತವರಿಗೆ ಹೋಗು" ಎನ್ನುತ್ತಾಳಂತೆ. ಆ ಸಂಬಂಧ ಬಿಟ್ಟರೂ ಅಲ್ಲಿ ಇರಬಹುದೇ ಎಂಬ ನಮ್ಮ ಪ್ರಶ್ನೆಗೆ ಅವಳ ಉತ್ತರ ಸ್ಪಷ್ಟವಾಗಿತ್ತು. ಎರಡು ಗಂಟೆಯ ವಾದದ ಮೇಲೆ ಮೇಡಂ ಮೂರನೆಯ ಖಾನೆ ಮಾಡಿದರು: ಸೂರಿದೆ, ಹಕ್ಕಿಲ್ಲ. ರವಿಯ ಅಟ್ಟ, ಗಾರ್ಮೆಂಟ್ಸ್ ಹಾಸ್ಟೆಲು, ಗಂಡನ ಮನೆ ಎಲ್ಲ ಅಲ್ಲಿಗೆ ಬಂದವು. ಹಳಬರಲ್ಲಿ ಹೆಚ್ಚಿನವರು ತುಂಬಿಕೊಂಡದ್ದು ಅದೇ ಖಾನೆಯನ್ನು.

ಗುಂಪು ಮನೆಯವರಲ್ಲಿ ಅಷ್ಟು ಮಂದಿ ಆ ಖಾನೆಗೆ ಬರಲಿಲ್ಲ. ಆದರೆ 21ಕ್ಕೆ ಹತ್ತಿರವಿದ್ದವರು ಕೀಲಿಕೈ ಇದೆಯೇ ಎಂದರೆ, ಮುಂದಿನ ಜೂನ್‌ವರೆಗೆ ಇದೆ ಎನ್ನುತ್ತಿದ್ದರು. ಎರಡು ಗುಂಪಿನ ನಡುವೆ ಎದ್ದು ಕಂಡ ವ್ಯತ್ಯಾಸ ನಾನು ಸೇರಿಸಿದ ಪ್ರಶ್ನೆಯಲ್ಲಿ ಸಿಕ್ಕಿತು ಎಂಬುದು ನನ್ನ ಸಣ್ಣ ಹೆಮ್ಮೆ. ಯಾರಿಗೆ ಕರೆ ಮಾಡುತ್ತೀರಿ ಎಂದರೆ ಹೊಸಬರು ಯೋಚಿಸದೆ ಯಾವುದೋ ಒಂದು ಹೆಸರು ಹೇಳುತ್ತಿದ್ದರು, ಬಹಳ ಸಲ ಶಿವಪ್ಪ ಸರ್. ಹಳಬರು ಯೋಚಿಸುತ್ತಿದ್ದರು.

ಅಂತಿಮ ಸಭೆಯಲ್ಲಿ ಒಬ್ಬ ಅಧಿಕಾರಿ ವರದಿಯ ಪುಟ ತಿರುವುತ್ತ, ಒಟ್ಟು ಶೇಕಡಾ ಎಷ್ಟು ಯಶಸ್ಸು, ಅದೊಂದು ಹೇಳಿ ಎಂದರು. ಇಷ್ಟು ಸಣ್ಣ ಸಂಖ್ಯೆಗೆ, ಅದರಲ್ಲೂ ಹಳಬರಲ್ಲಿ ಅರ್ಧದಷ್ಟು ಮಂದಿ ಸಿಗದೆ ಇರುವಾಗ, ಶೇಕಡಾ ಹೇಳುವುದು ಮೋಸ ಎಂದು ಮೇಡಂ ಮೆಲ್ಲಗೆ ವಿವರಿಸಿದರು. ಅಮೆರಿಕದ ಮೂರು ರಾಜ್ಯಗಳಲ್ಲಿ, ಅಯೋವಾ, ವಿಸ್ಕಾನ್ಸಿನ್, ಇಲಿನಾಯ್‌ಗಳಲ್ಲಿ, ನೂರಾರು ಮಂದಿಯನ್ನು 17ರಿಂದ 26ರ ವಯಸ್ಸಿನವರೆಗೆ ಬೆನ್ನು ಬಿಡದೆ ಹಿಂಬಾಲಿಸಿದವರೂ ಒಂದೇ ಸಂಖ್ಯೆ ಹೇಳಲಿಲ್ಲ. 26ರೊಳಗೆ ಒಮ್ಮೆಯಾದರೂ ಮನೆಯಿಲ್ಲದವರಾದವರು ಶೇ 31ರಿಂದ 46 ಎಂದರು ಎಂದೂ ಹೇಳಿದರು. ಅಧಿಕಾರಿ 46 ಎಂಬುದನ್ನು ಮಾತ್ರ ಡೈರಿಯಲ್ಲಿ ಬರೆದುಕೊಂಡರು. ಹಣ ತಿಂಗಳು ತಿಂಗಳು ಬರಲಿ, ಹೊರಬಂದವರ ನಂಬರನ್ನು ವರ್ಷಕ್ಕೊಮ್ಮೆಯಾದರೂ ಯಾರಾದರೂ ಕರೆ ಮಾಡಿ ಸರಿಪಡಿಸಲಿ ಎಂಬ ನಮ್ಮ ಶಿಫಾರಸುಗಳಲ್ಲಿ ಎರಡನೆಯದಕ್ಕೆ, ಅದಕ್ಕೆ ಸಿಬ್ಬಂದಿ ಎಲ್ಲಿದ್ದಾರೆ ಎಂಬ ಉತ್ತರ ಬಂತು. ಅಡುಗೆಯ ಆಯಿಯ ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು.

ವರದಿ ಅಚ್ಚಾದ ಮೂರು ವಾರಕ್ಕೆ, ರಾತ್ರಿ ಹತ್ತೂವರೆಗೆ, ಗೊತ್ತಿಲ್ಲದ ನಂಬರಿನಿಂದ ಕರೆ. ಬೇರೆಯವರ ಫೋನಿನಿಂದ ರವಿ. ಮಾಲೀಕರ ಜತೆ ಜಗಳವಾಗಿದೆ, ಯಶವಂತಪುರ ಸ್ಟೇಷನ್ನಿನಲ್ಲಿದ್ದೇನೆ, ಚೀಲ ಒಳಗೇ ಉಳಿದಿದೆ ಎಂದ. ನಾನು ಹುಬ್ಬಳ್ಳಿಯಲ್ಲಿ, ಅದೂ ಹೆಣ್ಣುಮಕ್ಕಳ ಪಿ.ಜಿ.ಯಲ್ಲಿ. ಶಿವಪ್ಪ ಸರ್‌ಗೆ ಕರೆ ಮಾಡಿದೆ. ಅವನ ವಯಸ್ಸು 22, ನಮ್ಮ ಪಟ್ಟಿಯಲ್ಲಿ ಬರುವುದಿಲ್ಲವಲ್ಲ ಎಂದು ಅವರು ನಿಟ್ಟುಸಿರು ಬಿಟ್ಟರು. ಒಂದು ಕ್ಷಣ ಬಿಟ್ಟು, ಮಂಜುವಿಗೆ ಹೇಳು, ನನಗೆ ಗೊತ್ತಿಲ್ಲದಂತೆ ಇರಲಿ ಎಂದರು. ಮಂಜು ಅದೇ ಬೈಕಿನಲ್ಲಿ ಹೋಗಿ ಅವನನ್ನು ಪೀಣ್ಯಕ್ಕೆ ಕರೆತಂದ. ಅಲ್ಲಿ ಒಂಬತ್ತು ದಿನ ಏಳನೆಯವನಾಗಿ ನೆಲದ ಮೇಲೆ ಮಲಗಿದ. ಈಗ ನೆಲಮಂಗಲದ ಕಡೆ ಬೇರೆ ಹೋಟೆಲು, ಬೇರೆ ಅಟ್ಟ.

ಮರುದಿನ ಮೇಡಂಗೆ ಕರೆ ಮಾಡಿ, ರವಿಯ ನಮೂನೆಯಲ್ಲಿ "ಯಾರೂ ಇಲ್ಲ" ಎಂಬುದನ್ನು ತಿದ್ದಬೇಕಲ್ಲವೇ ಎಂದು ಕೇಳಿದೆ. ತಿದ್ದುವಂತಿಲ್ಲ, ಸಂದರ್ಶನದ ದಿನ ಅವನು ಏನು ಹೇಳಿದನೋ ಅದೇ ಉತ್ತರ ಎಂದರು. ಅವರು ಹೇಳಿದ್ದು ಸರಿಯೇ. ಅವನ ಈಗಿನ ನಂಬರನ್ನು ಮಾತ್ರ ನನ್ನ ಹತ್ತಿರವಿದ್ದ ಹಳೇ ಪಟ್ಟಿಯಲ್ಲಿ, ಅವನ ಹೆಸರಿನ ಮುಂದೆ, ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೇನೆ.